ಮೀಡಿಯಾ ಸರ್ವರ್ ಸುಮ್ನೆ ಇದ್ದಷ್ಟೂ ಒಳ್ಳೆಯದು

ಪ್ರಶ್ನೆ: ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಉಬುಂಟು ಲಿನಕ್ಸ್ ಹಾಕಿ, ಅದರಲ್ಲಿ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್ ಇನ್‌ಸ್ಟಾಲ್ ಮಾಡಿದ್ದೇನೆ. ಸಿನಿಮಾಗಳು, ಸೀರಿಯಲ್‌ಗಳು, ಮನೆಯವರ ವಿಡಿಯೊಗಳು ಎಲ್ಲ 4 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ಲೈಬ್ರರಿ ಸೇರಿಸಲು ಹೋದರೆ ಡಿಸ್ಕಿನ ಫೋಲ್ಡರ್ ಖಾಲಿ ಎಂದು ತೋರಿಸುತ್ತದೆ. ಒಂದಷ್ಟು ಫೈಲ್‌ಗಳನ್ನು ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ಕಾಪಿ ಮಾಡಿದ ಮೇಲೆ ಅವು ಬಂದವು. ಆದರೆ ಟಿವಿಯಲ್ಲಿ ನಿಂತು ನಿಂತು ಪ್ಲೇ ಆಗುತ್ತವೆ, ಸಿಪಿಯು 100% ಮುಟ್ಟುತ್ತದೆ. ಕೆಲವು ಸಿನಿಮಾಗಳಿಗೆ ಬೇರೆ ಯಾವುದೋ ಸಿನಿಮಾದ ಪೋಸ್ಟರ್ ಬಂದಿದೆ. ಹೊಸ ಕಂಪ್ಯೂಟರ್ ತೆಗೆದುಕೊಳ್ಳಬೇಕಾ? ಮನೆಯಿಂದ ಹೊರಗಿದ್ದಾಗಲೂ ನೋಡಬೇಕೆಂದರೆ ರೌಟರಿನಲ್ಲಿ ಪೋರ್ಟ್ ತೆರೆಯಿರಿ ಎಂದು ಸ್ನೇಹಿತರು ಹೇಳುತ್ತಾರೆ. ತೆರೆಯಲಾ?

ಉತ್ತರ: ಹೊಸ ಕಂಪ್ಯೂಟರ್ ಈಗ ಬೇಡ. ಪೋರ್ಟ್ ಅಂತೂ ತೆರೆಯಲೇಬೇಡಿ. ಎರಡಕ್ಕೂ ಕಾರಣ ಹೇಳುತ್ತೇನೆ.

ಮೀಡಿಯಾ ಸರ್ವರ್ ಎಂದರೆ ಏನೋ ದೊಡ್ಡ ಯಂತ್ರ ಬೇಕು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ನಿಜವಾಗಿ ಅದರ ಮುಖ್ಯ ಕೆಲಸ ಡಿಸ್ಕಿನಲ್ಲಿರುವ ಫೈಲನ್ನು ಓದಿ ಇದ್ದ ಹಾಗೇ ಟಿವಿಗೆ ದಾಟಿಸುವುದು. ಅಷ್ಟಕ್ಕೆ ಹತ್ತು ವರ್ಷ ಹಳೆಯ ಕಂಪ್ಯೂಟರ್ ಧಾರಾಳ ಸಾಕು. ಟಿವಿಗೆ ಆ ಫೈಲ್ ಅರ್ಥವಾಗದೆ ಹೋದಾಗ ಮಾತ್ರ ಸರ್ವರ್ ಅದನ್ನು ಆಗಿಂದಾಗಲೇ ಬೇರೆ ರೂಪಕ್ಕೆ ಬದಲಾಯಿಸಿ ಕೊಡಬೇಕಾಗುತ್ತದೆ. ನಿಮ್ಮ ಸಿಪಿಯು 100% ಮುಟ್ಟುತ್ತಿರುವುದು ಆಗಲೇ. ಹಾಗಾಗಿ ನಾವು ಮಾಡಬೇಕಾದ್ದು ಇಷ್ಟೇ: ಸರ್ವರ್‌ಗೆ ಕೆಲಸವೇ ಬೀಳದ ಹಾಗೆ ನೋಡಿಕೊಳ್ಳುವುದು. ಮುಂದೆ ಹೇಳುವ ಹೆಚ್ಚಿನ ಮಾತುಗಳೆಲ್ಲ ಇದೇ ಗುರಿಗೆ.

ಮೊದಲು ಡಿಸ್ಕಿನ ವಿಷಯ. ಜೆಲ್ಲಿಫಿನ್ ಹಾಕಿದವರಿಗೆ ತುಂಬಾ ಸಲ ಎದುರಾಗುವ ತೊಂದರೆ ಇದು. ಹೊಸಬರು ಸೋತು ಕೈಬಿಡುವುದೂ ಇಲ್ಲೇ. ಅದಕ್ಕೇ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಉಬುಂಟು ಡೆಸ್ಕ್‌ಟಾಪಿನಲ್ಲಿ ಯುಎಸ್‌ಬಿ ಡಿಸ್ಕ್ ಚುಚ್ಚಿದ ತಕ್ಷಣ ಅದು ತಾನಾಗೇ ಮೌಂಟ್ ಆಗುತ್ತದೆ, ಅಂದರೆ ಒಂದು ಫೋಲ್ಡರಿನ ರೂಪದಲ್ಲಿ ಬಂದು ಕೂರುತ್ತದೆ. ಎಲ್ಲಿ? ರೂಟ್ (ಎಲ್ಲಕ್ಕೂ ಮೇಲಿನ ಫೋಲ್ಡರ್) ಕೆಳಗಿನ ‘ಮೀಡಿಯಾ’ ಫೋಲ್ಡರ್, ಅದರೊಳಗೆ ನಿಮ್ಮ ಯೂಸರ್ ಹೆಸರಿನ ಫೋಲ್ಡರ್, ಅದರೊಳಗೆ ಡಿಸ್ಕಿನ ಹೆಸರು. ಈ ನಡುವಿನ ಫೋಲ್ಡರ್ ಇದೆಯಲ್ಲ, ನಿಮ್ಮ ಹೆಸರಿನದು, ಅದರೊಳಗೆ ಕಾಲಿಡಲು ನಿಮಗೆ ಮತ್ತು ರೂಟ್ ಎಂದೇ ಹೆಸರಿರುವ ಮುಖ್ಯ ಯೂಸರ್‌ಗೆ ಮಾತ್ರ ಅನುಮತಿ. ಜೆಲ್ಲಿಫಿನ್ ನಿಮ್ಮ ಹೆಸರಿನಲ್ಲಿ ಓಡುವುದಿಲ್ಲ. ಇನ್‌ಸ್ಟಾಲ್ ಆಗುವಾಗ ಅದು ‘ಜೆಲ್ಲಿಫಿನ್’ ಎಂಬ ಬೇರೆಯೇ ಯೂಸರ್ ಮಾಡಿಕೊಂಡು ಆ ಹೆಸರಿನಲ್ಲಿ ಓಡುತ್ತದೆ. ನಿಮ್ಮ ಫೈಲ್ ಮ್ಯಾನೇಜರಿನಲ್ಲಿ ಎಲ್ಲ ಕಾಣುತ್ತದೆ, ಸರ್ವರ್‌ಗೆ ಮಾತ್ರ ಏನೂ ಕಾಣುವುದಿಲ್ಲ. ಒಳಕೋಣೆಯ ಬಾಗಿಲು ತೆರೆದಿದ್ದು ಹೊರಗಿನ ಗೇಟಿಗೆ ಬೀಗ ಬಿದ್ದಿದ್ದರೆ ಹೇಗೋ ಹಾಗೆ: ಸಿನಿಮಾ ಫೋಲ್ಡರಿಗೆ ನೀವು ಎಷ್ಟೇ ಅನುಮತಿ ಕೊಟ್ಟರೂ ದಾರಿಯಲ್ಲಿರುವ ಒಂದು ಫೋಲ್ಡರ್ ತಡೆದರೆ ಮುಗಿಯಿತು.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಸಾಲು ಸಾಕು. ಟರ್ಮಿನಲ್ ತೆರೆದು ‘ಸುಡೋ -ಯು ಜೆಲ್ಲಿಫಿನ್ ಎಲ್‌ಎಸ್’ ಎಂದು ಬರೆದು, ಮುಂದೆ ಸಿನಿಮಾ ಫೋಲ್ಡರಿನ ಪೂರ್ತಿ ದಾರಿ ಕೊಡಿ. (ಕಮಾಂಡ್‌ಗಳನ್ನು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ.) ಅಂದರೆ ‘ಜೆಲ್ಲಿಫಿನ್ ಯೂಸರ್ ಆಗಿ ಈ ಫೋಲ್ಡರನ್ನು ನೋಡು’ ಎಂದು ಹೇಳಿದ ಹಾಗೆ. ಫೈಲ್‌ಗಳ ಪಟ್ಟಿ ಬಂದರೆ ಸರ್ವರ್‌ಗೂ ಕಾಣುತ್ತದೆ. ‘ಪರ್ಮಿಷನ್ ಡಿನೈಡ್’ ಎಂದು ಬಂದರೆ ತೊಂದರೆ ಇಲ್ಲೇ ಇದೆ. ಲೈಬ್ರರಿ ಕಾಣದಿದ್ದಾಗ ಏನೇನೋ ಸೆಟ್ಟಿಂಗ್ ಬದಲಾಯಿಸುವ ಮೊದಲು ಈ ಪರೀಕ್ಷೆ ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಪರಿಹಾರವಾಗಿ ‘ಸಿಎಚ್‌ಮಾಡ್ 777’ ಕೊಡಿ ಎಂದು ಹಲವರು ಹೇಳುತ್ತಾರೆ. ದಯವಿಟ್ಟು ಬೇಡ. ಅದು ಆ ಯಂತ್ರದಲ್ಲಿರುವ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟುಬಿಡುತ್ತದೆ. ಡಿಸ್ಕ್ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿದ್ದರೆ ಸಾಮಾನ್ಯವಾಗಿ ಅದರಿಂದ ಏನೂ ಬದಲಾಗುವುದೂ ಇಲ್ಲ. ಅಂಥ ಡಿಸ್ಕಿನಲ್ಲಿ ಯಾರಿಗೆ ಏನು ಅನುಮತಿ ಎನ್ನುವುದು ಮೌಂಟ್ ಮಾಡುವಾಗಲೇ ತೀರ್ಮಾನವಾಗುತ್ತದೆ.

ಸರಿಯಾದ ದಾರಿ ಎಂದರೆ ಡಿಸ್ಕನ್ನು ಒಂದು ಖಾಯಂ ಜಾಗಕ್ಕೆ ಮೌಂಟ್ ಮಾಡುವುದು. ಇನ್ನೊಂದು ಕಾರಣಕ್ಕೂ ಇದು ಬೇಕು. ತಾನಾಗೇ ಆಗುವ ಮೌಂಟ್ ನೀವು ಲಾಗಿನ್ ಆದ ಮೇಲೆ ಮಾತ್ರ ಆಗುತ್ತದೆ. ಕರೆಂಟ್ ಹೋಗಿ ಬಂದು ಕಂಪ್ಯೂಟರ್ ತಾನೇ ಆನ್ ಆದರೂ, ಯಾರಾದರೂ ಪಾಸ್‌ವರ್ಡ್ ಹಾಕುವ ತನಕ ಲೈಬ್ರರಿ ಖಾಲಿ. ಸರ್ವರ್ ಅಂದಮೇಲೆ ಹಾಗಾಗಬಾರದು ಅಲ್ವಾ?

ಹೀಗೆ ಮಾಡಿ. ‘ಸುಡೋ ಎಂಕೆಡಿಐಆರ್’ ಕಮಾಂಡ್‌ನಿಂದ ರೂಟ್ ಕೆಳಗಿನ ‘ಎಸ್‌ಆರ್‌ವಿ’ ಫೋಲ್ಡರಿನಲ್ಲಿ ‘ಮೀಡಿಯಾ’ ಎಂಬ ಹೊಸ ಫೋಲ್ಡರ್ ಮಾಡಿ. ‘ಸುಡೋ ಬಿಎಲ್‌ಕೆಐಡಿ’ ಎಂದು ಕೊಟ್ಟರೆ ಪ್ರತಿ ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ಮತ್ತು ಫೈಲ್‌ಸಿಸ್ಟಮ್ ಬಗೆ ತೋರಿಸುತ್ತದೆ. ನಿಮ್ಮ ಡಿಸ್ಕಿನ ಯುಯುಐಡಿ ಬರೆದಿಟ್ಟುಕೊಳ್ಳಿ. ಡಿಸ್ಕನ್ನು ಬೇರೆ ಯುಎಸ್‌ಬಿ ಜಾಗಕ್ಕೆ ಚುಚ್ಚಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ಈಗ ‘ಇಟಿಸಿ’ ಫೋಲ್ಡರಿನಲ್ಲಿರುವ ‘ಎಫ್‌ಎಸ್‌ಟ್ಯಾಬ್’ ಫೈಲಿನ ಕೊನೆಯಲ್ಲಿ ಒಂದು ಸಾಲು ಸೇರಿಸಬೇಕು. ಅದರಲ್ಲಿ ಕ್ರಮವಾಗಿ ಯುಯುಐಡಿ, ಈಗ ಮಾಡಿದ ಫೋಲ್ಡರಿನ ದಾರಿ, ಫೈಲ್‌ಸಿಸ್ಟಮ್ ಬಗೆ, ಆಯ್ಕೆಗಳು, ಕೊನೆಗೆ ಎರಡು ಸೊನ್ನೆ.

ಆಯ್ಕೆಗಳಲ್ಲಿ ‘ಡಿಫಾಲ್ಟ್ಸ್’ ಜೊತೆ ‘ನೋಫೇಲ್’ ಎಂದು ಹಾಕುವುದನ್ನು ಮಾತ್ರ ಮರೆಯಬೇಡಿ. ಆ ಒಂದು ಪದ ಇಲ್ಲದಿದ್ದರೆ, ಮುಂದೊಂದು ದಿನ ಡಿಸ್ಕ್ ತೆಗೆದು ಕಂಪ್ಯೂಟರ್ ಆನ್ ಮಾಡಿದಾಗ ಅದು ಡಿಸ್ಕಿಗಾಗಿ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ. ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿದ್ದರೆ ಅದೇ ಜಾಗದಲ್ಲಿ ‘ಯುಐಡಿ’, ‘ಜಿಐಡಿ’, ‘ಯುಮಾಸ್ಕ್’ ಕೂಡ ಕೊಡಿ. ಯುಐಡಿಗೆ ನಿಮ್ಮ ಯೂಸರ್ ಸಂಖ್ಯೆ, ಜಿಐಡಿಗೆ ಜೆಲ್ಲಿಫಿನ್ ಗುಂಪಿನ ಸಂಖ್ಯೆ, ಯುಮಾಸ್ಕ್‌ಗೆ 027. ಆಗ ನೀವು ಫೈಲ್ ಹಾಕಬಹುದು, ತೆಗೆಯಬಹುದು. ಜೆಲ್ಲಿಫಿನ್ ಓದಬಹುದು, ಬರೆಯಲಾಗದು. ಎರಡು ಸಂಖ್ಯೆಗಳೂ ‘ಐಡಿ’ ಕಮಾಂಡ್‌ನಿಂದ ಸಿಗುತ್ತವೆ. ಡಿಸ್ಕ್ ಲಿನಕ್ಸಿನದೇ ಆದ ಎಕ್ಸ್ಟ್4 ಆಗಿದ್ದರೆ ಇವು ಬೇಡ. ಫೋಲ್ಡರ್‌ಗಳ ಗುಂಪನ್ನು ಜೆಲ್ಲಿಫಿನ್‌ಗೆ ಬದಲಾಯಿಸಿ ಓದುವ ಅನುಮತಿ ಕೊಟ್ಟರೆ ಆಯಿತು.

ಫೈಲ್ ಮ್ಯಾನೇಜರಿನಿಂದ ಡಿಸ್ಕನ್ನು ಇಜೆಕ್ಟ್ ಮಾಡಿ, ‘ಸುಡೋ ಮೌಂಟ್ -ಎ’ ಕೊಡಿ. ತಪ್ಪು ಬರೆದಿದ್ದರೆ ಇಲ್ಲೇ ಗೊತ್ತಾಗುತ್ತದೆ. ರೀಸ್ಟಾರ್ಟ್ ಮಾಡುವ ಮೊದಲು ಇದನ್ನು ಮಾಡಲೇಬೇಕು. ಆಮೇಲೆ ಮತ್ತೆ ಅದೇ ಹಳೇ ಪರೀಕ್ಷೆ, ಈಗ ಹೊಸ ದಾರಿ ಕೊಟ್ಟು. ಪಟ್ಟಿ ಬರುತ್ತದೆ. ಜೆಲ್ಲಿಫಿನ್‌ನಲ್ಲಿ ಲೈಬ್ರರಿಗೆ ಈ ಹೊಸ ದಾರಿಯನ್ನೇ ಕೊಡಿ.

ಸಿನಿಮಾಗಳನ್ನು ನಿಮ್ಮ ಹೋಮ್ ಫೋಲ್ಡರಿನ ಒಳಗಿಟ್ಟರೂ ಇದೇ ಕಥೆ. ಉಬುಂಟು 21.04ರಿಂದ ಈಚೆಗೆ ಹೋಮ್ ಫೋಲ್ಡರಿನೊಳಗೆ ಬೇರೆ ಯೂಸರ್‌ಗಳಿಗೆ ಪ್ರವೇಶ ಇಲ್ಲ. ಒಳ್ಳೆಯ ನಿರ್ಧಾರವೇ, ಆದರೆ ಹಳೇ ಗೈಡ್‌ಗಳನ್ನು ನೋಡಿಕೊಂಡು ಮಾಡುವವರಿಗೆ ಇದು ಗೊತ್ತಿರುವುದಿಲ್ಲ.

ಇನ್ನೊಂದು ವಿಷಯ ನೋಡಿಕೊಳ್ಳಿ. ಜೆಲ್ಲಿಫಿನ್ ಅನ್ನು ಎಲ್ಲಿಂದ ಹಾಕಿದ್ದೀರಿ? ಉಬುಂಟುವಿನ ಆ್ಯಪ್ ಸೆಂಟರ್‌ನಿಂದ ಸ್ನ್ಯಾಪ್ (ಉಬುಂಟುವಿನ ಒಂದು ಬಗೆಯ ಆ್ಯಪ್ ಪೊಟ್ಟಣ) ರೂಪದಲ್ಲಿ ಹಾಕಿದ್ದರೆ ತೆಗೆದುಹಾಕಿ. ಸ್ನ್ಯಾಪ್‌ಗಳಿಗೆ ತಮ್ಮದೇ ಬೇಲಿ ಇರುತ್ತದೆ, ಮೇಲೆ ಹೇಳಿದ ಅನುಮತಿಗಳೆಲ್ಲ ಸರಿ ಇದ್ದರೂ ಡಿಸ್ಕ್ ಕಾಣದೆ ಇರಬಹುದು. ಜೆಲ್ಲಿಫಿನ್‌ನವರೇ ಡೆಬಿಯನ್ ಮತ್ತು ಉಬುಂಟುಗೆ ಇನ್‌ಸ್ಟಾಲ್ ಸ್ಕ್ರಿಪ್ಟ್ ಕೊಡುತ್ತಾರೆ, ಅವರ ಡೌನ್‌ಲೋಡ್ ಪುಟದಲ್ಲಿ ಸಿಗುತ್ತದೆ. ಅದರಿಂದ ಹಾಕಿದರೆ ‘ಜೆಲ್ಲಿಫಿನ್-ಎಫ್‌ಎಫ್‌ಎಂಪೆಗ್’ ಕೂಡ ಜೊತೆಗೇ ಬರುತ್ತದೆ. ವಿಡಿಯೊ ಬದಲಾಯಿಸುವ ಕೆಲಸ ಮಾಡುವುದು ಅದೇ. ತಂತ್ರಾಂಶಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಗೊತ್ತಿದ್ದವರು ಅದರಲ್ಲೇ ಹಾಕಬಹುದು, ಚೆನ್ನಾಗಿ ನಡೆಯುತ್ತದೆ. ಗೊತ್ತಿಲ್ಲದಿದ್ದರೆ ಇದಕ್ಕಾಗಿ ಕಲಿಯಲು ಹೋಗಬೇಡಿ. ಒಂದೇ ಯಂತ್ರದಲ್ಲಿ ಒಂದೇ ಸರ್ವರ್ ಓಡಿಸಲು ಅದರ ಅಗತ್ಯವಿಲ್ಲ.

ಪ್ಲೆಕ್ಸ್ ಎಂಬ ಇನ್ನೊಂದು ಮೀಡಿಯಾ ಸರ್ವರ್ ಹಾಕಿದ್ದರೆ ಇದೆಲ್ಲ ಸುಲಭವಾಗುತ್ತಿತ್ತಾ? ಡಿಸ್ಕಿನ ಅನುಮತಿಯ ತೊಂದರೆ ಅದರಲ್ಲೂ ಹೀಗೇ ಬರುತ್ತದೆ. ಪ್ಲೆಕ್ಸ್‌ನ ಆ್ಯಪ್‌ಗಳು ನಯವಾಗಿವೆ, ಹೊರಗಿನಿಂದ ನೋಡುವ ವ್ಯವಸ್ಥೆ ಸಲೀಸು. ಆದರೆ 2025ರ ಏಪ್ರಿಲ್‌ನಿಂದ ಮನೆಯ ಹೊರಗಿನಿಂದ ನೋಡಲು ದುಡ್ಡು ಕೊಡಬೇಕು. ಗ್ರಾಫಿಕ್ಸ್ ಚಿಪ್ ಬಳಸಿ ವಿಡಿಯೊ ಬದಲಾಯಿಸುವ ಸೌಲಭ್ಯಕ್ಕೂ ಪ್ಲೆಕ್ಸ್ ಪಾಸ್ ಎಂಬ ಚಂದಾ ಬೇಕು. ‘ಎಂಬಿ’ ಎಂಬ ಮತ್ತೊಂದು ಮೀಡಿಯಾ ಸರ್ವರ್‌ನಲ್ಲೂ ಆ ಸೌಲಭ್ಯ ದುಡ್ಡು ಕೊಟ್ಟವರಿಗೆ ಮಾತ್ರ. ಎಂಬಿ ತನ್ನ ಕೋಡ್ ಮುಚ್ಚಿಕೊಂಡಾಗ, 2018ರ ಡಿಸೆಂಬರ್‌ನಲ್ಲಿ, ಅದರ ಮುಕ್ತ ಕೋಡ್ ತೆಗೆದುಕೊಂಡು ಬೇರೆಯಾಗಿ ಹೊರಟದ್ದೇ ಜೆಲ್ಲಿಫಿನ್. ಅದರಲ್ಲಿ ಎಲ್ಲವೂ ಉಚಿತ, ಹೊರಗಿನ ಯಾವ ಕಂಪನಿಯ ಅಕೌಂಟೂ ಬೇಡ. ನೀವು ಆರಿಸಿದ್ದು ಸರಿಯಾಗೇ ಇದೆ, ಬದಲಾಯಿಸಬೇಡಿ.

ಈಗ ತಪ್ಪು ಪೋಸ್ಟರ್. ಜೆಲ್ಲಿಫಿನ್ ವಿಡಿಯೊ ನೋಡಿ ಸಿನಿಮಾ ಯಾವುದೆಂದು ಗುರುತಿಸುವುದಿಲ್ಲ. ಫೋಲ್ಡರ್ ಮತ್ತು ಫೈಲಿನ ಹೆಸರು ಓದಿ, ಟಿಎಂಡಿಬಿಯಂಥ ಸಿನಿಮಾ ಮಾಹಿತಿ ಭಂಡಾರದಲ್ಲಿ ಹುಡುಕುತ್ತದೆ. ಒಂದೇ ಹೆಸರಿನ ಸಿನಿಮಾಗಳು ಎಷ್ಟೋ ಇರುತ್ತವೆ. ಆದ್ದರಿಂದ ಪ್ರತಿ ಸಿನಿಮಾಕ್ಕೂ ಅದರದೇ ಫೋಲ್ಡರ್ ಮಾಡಿ, ಹೆಸರಾದ ಮೇಲೆ ಕಂಸದಲ್ಲಿ ಬಿಡುಗಡೆಯಾದ ವರ್ಷ ಹಾಕಿ. ಒಳಗಿನ ಫೈಲಿಗೂ ಅದೇ ಹೆಸರು. ವರ್ಷ ಒಂದು ಹಾಕಿದರೆ ಮುಕ್ಕಾಲು ಪಾಲು ತಪ್ಪು ಅಲ್ಲೇ ಸರಿಹೋಗುತ್ತದೆ. ಸೀರಿಯಲ್‌ಗಳಾದರೆ ಸರಣಿಯ ಫೋಲ್ಡರ್, ಅದರೊಳಗೆ ‘ಸೀಸನ್ 01’, ಫೈಲಿನ ಹೆಸರಿನಲ್ಲಿ ‘ಎಸ್01ಇ01’ ಎಂಬ ಗುರುತು. ಕನ್ನಡ ಸಬ್‌ಟೈಟಲ್ ಇದ್ದರೆ ಸಿನಿಮಾ ಫೈಲಿನ ಹೆಸರನ್ನೇ ಇಟ್ಟು ಕೊನೆಗೆ ಚುಕ್ಕಿ, ‘ಕೆಎನ್’, ಮತ್ತೆ ಚುಕ್ಕಿ, ‘ಎಸ್‌ಆರ್‌ಟಿ’. ಆಗ ಭಾಷೆ ಯಾವುದೆಂದು ಅದಕ್ಕೇ ಗೊತ್ತಾಗುತ್ತದೆ. ಇಷ್ಟಾದ ಮೇಲೂ ಯಾವುದಾದರೂ ತಪ್ಪಿ ಉಳಿದರೆ, ಆ ಸಿನಿಮಾದ ಮೂರು ಚುಕ್ಕಿಯ ಮೆನುವಿನಲ್ಲಿ ‘ಐಡೆಂಟಿಫೈ’ ಒತ್ತಿ ಕೈಯಾರೆ ಆರಿಸಿ.

ಮನೆಯವರ ವಿಡಿಯೊಗಳನ್ನು ಸಿನಿಮಾ ಲೈಬ್ರರಿಗೆ ಸೇರಿಸಬೇಡಿ. ಮಗಳ ಹುಟ್ಟುಹಬ್ಬದ ವಿಡಿಯೊಗೆ ಯಾವುದೋ ದೇಶದ ಸಿನಿಮಾದ ಪೋಸ್ಟರ್ ಬಂದು ಕೂರುತ್ತದೆ. ಲೈಬ್ರರಿ ಮಾಡುವಾಗಲೇ ‘ಹೋಮ್ ವಿಡಿಯೋಸ್ ಆ್ಯಂಡ್ ಫೋಟೋಸ್’ ಎಂಬ ಬಗೆ ಇದೆ, ಅದನ್ನು ಆರಿಸಿ ಬೇರೆ ಲೈಬ್ರರಿ ಮಾಡಿ.

ಇನ್ನು ನಿಂತು ನಿಂತು ಪ್ಲೇ ಆಗುವ ವಿಷಯಕ್ಕೆ ಬರೋಣ. ಇದರಲ್ಲಿ ಊಹೆ ಮಾಡುವ ಅಗತ್ಯವೇ ಇಲ್ಲ, ಕಾರಣವನ್ನು ಜೆಲ್ಲಿಫಿನ್ ತಾನೇ ಹೇಳುತ್ತದೆ. ಟಿವಿಯಲ್ಲಿ ಒಂದು ಸಿನಿಮಾ ಹಚ್ಚಿ, ಅದೇ ಹೊತ್ತಿಗೆ ಬೇರೆ ಕಂಪ್ಯೂಟರಿನಿಂದ ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ (ಅಡ್ಮಿನ್ ಪುಟ) ತೆರೆಯಿರಿ. ಆಗ ನಡೆಯುತ್ತಿರುವ ಪ್ಲೇಬ್ಯಾಕ್ ಅಲ್ಲಿ ಒಂದು ಚೌಕದಲ್ಲಿ ಕಾಣುತ್ತದೆ. ಅದರ ಮಾಹಿತಿ ಗುರುತನ್ನು ಒತ್ತಿದರೆ ಫೈಲ್ ನೇರ ಹೋಗುತ್ತಿದೆಯಾ ಇಲ್ಲವಾ, ಹೋಗದಿದ್ದರೆ ಯಾಕೆ ಎಂದು ಬರೆದಿರುತ್ತದೆ.

ನಾಲ್ಕು ಸಾಧ್ಯತೆಗಳಿವೆ. ಡೈರೆಕ್ಟ್ ಪ್ಲೇ ಎಂದರೆ ಫೈಲ್ ಇದ್ದ ಹಾಗೇ ಹೋಗುತ್ತಿದೆ, ಇದೇ ನಮಗೆ ಬೇಕಾದ್ದು. ರೀಮಕ್ಸ್ ಎಂದರೆ ಒಳಗಿನ ವಿಡಿಯೊ, ಆಡಿಯೊ ಮುಟ್ಟದೆ ಹೊರಗಿನ ಪೊಟ್ಟಣ ಮಾತ್ರ ಬದಲಾಗುತ್ತಿದೆ, ಉದಾಹರಣೆಗೆ ಎಂಕೆವಿಯಿಂದ ಬೇರೆಯದಕ್ಕೆ. ಡೈರೆಕ್ಟ್ ಸ್ಟ್ರೀಮ್ ಎಂದರೆ ಆಡಿಯೊ ಮಾತ್ರ ಬದಲಾಗುತ್ತಿದೆ. ಈ ಎರಡೂ ಸಿಪಿಯುಗೆ ಹಗುರ, ತಲೆಕೆಡಿಸಿಕೊಳ್ಳಬೇಡಿ. ಟ್ರಾನ್ಸ್‌ಕೋಡ್ ಎಂದು ಬಂದರೆ ವಿಡಿಯೊವನ್ನೇ ಚಿತ್ರ ಚಿತ್ರವಾಗಿ ಬಿಡಿಸಿ ಮತ್ತೆ ಕಟ್ಟುತ್ತಿದೆ. ಸೆಕೆಂಡಿಗೆ 24 ಚಿತ್ರ, 4ಕೆ ಆದರೆ ಒಂದೊಂದು ಚಿತ್ರದಲ್ಲೂ 80 ಲಕ್ಷಕ್ಕೂ ಜಾಸ್ತಿ ಪಿಕ್ಸೆಲ್. ಹಳೇ ಸಿಪಿಯು ಸುಸ್ತಾಗುವುದು ಸಹಜವೇ.

ಟ್ರಾನ್ಸ್‌ಕೋಡ್‌ಗೆ ಕಾರಣ ಏನೆಂದು ಬಂದಿದೆಯೋ ಅದರ ಮೇಲೆ ಮುಂದಿನ ಹೆಜ್ಜೆ. ನನಗೆ ಬರುವ ಪ್ರಶ್ನೆಗಳಲ್ಲಿ ಜಾಸ್ತಿ ಕಾಣುವ ಕಾರಣ, ಆಶ್ಚರ್ಯ ಎಂದರೆ, ಸಬ್‌ಟೈಟಲ್. ಬ್ಲೂ-ರೇಯಿಂದ ಬಂದ ಪಿಜಿಎಸ್ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಅವನ್ನು ತೋರಿಸಲು ಬಾರದ ಆ್ಯಪ್‌ಗಳಿಗೆ ಸರ್ವರ್ ಅವನ್ನು ವಿಡಿಯೊ ಮೇಲೇ ಅಚ್ಚೊತ್ತಿ ಕಳಿಸಬೇಕು. ಅದಕ್ಕೆ ಇಡೀ ವಿಡಿಯೊ ಮತ್ತೆ ಕಟ್ಟಬೇಕು. ಒಮ್ಮೆ ಸಬ್‌ಟೈಟಲ್ ಆಫ್ ಮಾಡಿ ನೋಡಿ. ಸಿಪಿಯು ತಕ್ಷಣ ತಣ್ಣಗಾದರೆ ಕಳ್ಳ ಸಿಕ್ಕಿದ ಹಾಗೇ. ಆ ಸಿನಿಮಾಕ್ಕೆ ಎಸ್‌ಆರ್‌ಟಿ ಸಬ್‌ಟೈಟಲ್ ಹುಡುಕಿ ಹಾಕಿ. ಅದು ಬರೀ ಅಕ್ಷರ, ಟಿವಿಯೇ ತೋರಿಸಿಕೊಳ್ಳುತ್ತದೆ.

‘ಬಿಟ್‌ರೇಟ್ (ಸೆಕೆಂಡಿಗೆ ಹೋಗುವ ಡೇಟಾ) ಮಿತಿ ಮೀರಿದೆ’ ಎಂಬ ಅರ್ಥದ ಕಾರಣ ಬಂದಿದ್ದರೆ ಟಿವಿ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಗುಣಮಟ್ಟಕ್ಕೆ ಯಾವುದೋ ಮಿತಿ ಇದೆ ಎಂದರ್ಥ. ಮನೆಯೊಳಗಿನ ನೆಟ್‌ವರ್ಕಿಗೆ ಮಿತಿ ಬೇಡ, ಗರಿಷ್ಠಕ್ಕೆ ಇಡಿ. ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ.

ವಿಡಿಯೊ ಕೋಡೆಕ್ಕೇ (ವಿಡಿಯೊವನ್ನು ಒತ್ತಿ ಚಿಕ್ಕದು ಮಾಡಿಟ್ಟ ವಿಧಾನ) ಟಿವಿಗೆ ಬರುವುದಿಲ್ಲ ಎಂದಿದ್ದರೆ, ಮೊದಲು ಯಾವ ಆ್ಯಪ್‌ನಲ್ಲಿ ನೋಡುತ್ತಿದ್ದೀರಿ ನೋಡಿ. ಟಿವಿಯೊಳಗಿನ ಬ್ರೌಸರ್‌ನಲ್ಲಿ ನೋಡುತ್ತಿದ್ದರೆ ಬಿಡಿ. ಬ್ರೌಸರ್‌ಗಳಿಗೆ ಎಚ್.265 ವಿಡಿಯೊ, ಡಿಟಿಎಸ್ ಆಡಿಯೊ ಮುಂತಾದವು ಸರಿಯಾಗಿ ಬರುವುದಿಲ್ಲ. ಆಂಡ್ರಾಯ್ಡ್ ಟಿವಿ, ಫೈರ್ ಟಿವಿ, ರೋಕು, ಎಲ್‌ಜಿಯ ವೆಬ್‌ಓಎಸ್‌ಗೆ ಜೆಲ್ಲಿಫಿನ್‌ನದೇ ಆ್ಯಪ್ ಇದೆ. ಟಿವಿಯ ಚಿಪ್‌ಗೆ ಎಚ್.265 ಬರುತ್ತಿದ್ದರೂ ಬ್ರೌಸರ್ ‘ಬರಲ್ಲ’ ಎಂದು ಹೇಳಿ ಸರ್ವರ್ ಮೇಲೆ ಹೊರೆ ಹಾಕುವುದುಂಟು. ಆ್ಯಪ್ ಬದಲಾಯಿಸಿದರೆ ಹೊರೆ ಇಳಿಯುತ್ತದೆ.

ಕೆಲವು ಫೈಲ್‌ಗಳು ಎಲ್ಲಿ ಹಾಕಿದರೂ ಹಟ ಮಾಡುತ್ತವೆ. ಅದರಲ್ಲಿ ಒಂದು ಜಾತಿ 10-ಬಿಟ್ ಎಚ್.264. ಎಚ್.264 ಎಂದ ಮೇಲೆ ಎಲ್ಲ ಕಡೆ ನಡೆಯಬೇಕಲ್ಲ ಎಂದು ಅನಿಸುತ್ತದೆ. ಆದರೆ ಅದರ 10-ಬಿಟ್ ರೂಪವನ್ನು ಬಿಡಿಸುವ ಚಿಪ್ ಟಿವಿಗಳಲ್ಲಿ ಇಲ್ಲ ಎಂದೇ ಹೇಳಬಹುದು. ಇಂಥವನ್ನು ಪ್ರತಿ ಸಲ ನೋಡುವಾಗ ಸರ್ವರ್ ಬದಲಾಯಿಸುವ ಬದಲು, ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಿಂದ ಒಂದೇ ಸಲ 8-ಬಿಟ್ ಎಚ್.264 ವಿಡಿಯೊ, ಎಎಸಿ ಆಡಿಯೊ ಇರುವ ಎಂಪಿ4 ಮಾಡಿಟ್ಟುಬಿಡಿ. ರಾತ್ರಿ ಹಚ್ಚಿಟ್ಟು ಮಲಗಿದರೆ ಆಯಿತು. ಮೂಲ ಫೈಲನ್ನು ಹೊಸದನ್ನು ಪೂರ್ತಿ ನೋಡಿದ ಮೇಲೆ ಅಳಿಸಿ.

ಡ್ಯಾಶ್‌ಬೋರ್ಡ್ ಡೈರೆಕ್ಟ್ ಪ್ಲೇ ಎನ್ನುತ್ತಿದೆ, ಸಿಪಿಯು ಕೂಡ ತಣ್ಣಗಿದೆ, ಆದರೂ ನಿಲ್ಲುತ್ತಿದೆ ಎಂದರೆ ಅದು ನೆಟ್‌ವರ್ಕ್. ಬ್ಲೂ-ರೇ ಸಿನಿಮಾದ ವಿಡಿಯೊ ಸೆಕೆಂಡಿಗೆ 40 ಮೆಗಾಬಿಟ್ ತನಕ ಕೇಳುತ್ತದೆ. 4ಕೆ ಡಿಸ್ಕುಗಳು ಕೆಲವು ದೃಶ್ಯಗಳಲ್ಲಿ 100 ದಾಟುತ್ತವೆ. ಎಷ್ಟೋ ಟಿವಿಗಳ ಲ್ಯಾನ್ ಪೋರ್ಟ್ 100 ಮೆಗಾಬಿಟ್‌ನದು ಮಾತ್ರ. ಹಾಗಾಗಿ ಅಂಥ ಟಿವಿಗೆ ಕೇಬಲ್‌ಗಿಂತ 5 ಗಿಗಾಹರ್ಟ್ಸ್ ವೈಫೈ ವೇಗವಾಗಿರಬಹುದು. ಸರ್ವರ್ ಕಡೆ ಮಾತ್ರ ಯಾವತ್ತೂ ಕೇಬಲ್ಲೇ ಇರಲಿ. ನಿಮ್ಮ ಯುಎಸ್‌ಬಿ ಡಿಸ್ಕ್ ಮೇಲೆ ಅನುಮಾನ ಬೇಡ. ಹಳೇ ಯುಎಸ್‌ಬಿ 2.0 ಕೂಡ ಒಂದೆರಡು ಸಿನಿಮಾ ಒಟ್ಟಿಗೆ ಕೊಡುವಷ್ಟು ವೇಗ ಇದೆ.

ಇಷ್ಟೆಲ್ಲ ಆದ ಮೇಲೂ ಟ್ರಾನ್ಸ್‌ಕೋಡ್ ಬೇಕಾಗುವ ಸಂದರ್ಭ ಇದ್ದೇ ಇರುತ್ತದೆ. ಫೋನಿನಲ್ಲಿ ಮೊಬೈಲ್ ಡೇಟಾದಲ್ಲಿ ನೋಡುವಾಗ ಬೇಕೇ ಬೇಕು. ಅದಕ್ಕೆ ಸಿಪಿಯು ಬದಲು ಗ್ರಾಫಿಕ್ಸ್ ಚಿಪ್ ಬಳಸಿ. ನಿಮ್ಮದು ಇಂಟೆಲ್ ಆಗಿದ್ದರೆ ಅದೃಷ್ಟ. 2011ರಿಂದ ಅವರ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಕ್ವಿಕ್ ಸಿಂಕ್ ಎಂಬ ವಿಡಿಯೊ ಭಾಗ ಇದೆ. ಹೆಸರಿನ ಸಂಖ್ಯೆ ನೋಡಿ: ಐ5-7500 ಎಂದರೆ 7ನೇ ತಲೆಮಾರು. 6ನೆಯದರಿಂದ ಎಚ್.265 ಬರುತ್ತದೆ, 7ನೆಯದರಿಂದ 10-ಬಿಟ್ ಎಚ್.265 ಕೂಡ. ಅಂದರೆ 7ನೇ ತಲೆಮಾರಿನ ಹಳೇ ಡೆಸ್ಕ್‌ಟಾಪ್ ಇದ್ದರೆ 4ಕೆ ಸಿನಿಮಾವನ್ನೂ ನೋಡುತ್ತಿರುವಾಗಲೇ ಬದಲಾಯಿಸಿ ಕೊಡಬಲ್ಲದು. 6ನೆಯದಕ್ಕಿಂತ ಹಳೆಯದಾದರೆ ಹೆಚ್ಚಾಗಿ ಎಚ್.264ಕ್ಕೆ ಮಾತ್ರ ಉಪಯೋಗ. ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಗ್ರಾಫಿಕ್ಸ್ ಭಾಗವೇ ಇರುವುದಿಲ್ಲ.

ಇಲ್ಲೂ ಅನುಮತಿಯದೇ ಆಟ. ಗ್ರಾಫಿಕ್ಸ್ ಚಿಪ್ ಮುಟ್ಟಲು ಜೆಲ್ಲಿಫಿನ್ ಯೂಸರ್ ‘ರೆಂಡರ್’ ಎಂಬ ಗುಂಪಿನಲ್ಲಿ ಇರಬೇಕು. ‘ಸುಡೋ ಯೂಸರ್‌ಮಾಡ್ -ಎಜಿ ರೆಂಡರ್ ಜೆಲ್ಲಿಫಿನ್’ ಕೊಡಿ. ಇದರಲ್ಲಿ ‘ಜಿ’ ಒಂದು ಮಾತ್ರ ದೊಡ್ಡಕ್ಷರ. ಆಮೇಲೆ ಸರ್ವರ್ ರೀಸ್ಟಾರ್ಟ್ ಮಾಡಿ. ಡ್ಯಾಶ್‌ಬೋರ್ಡ್‌ನ ಪ್ಲೇಬ್ಯಾಕ್ ಭಾಗದಲ್ಲಿ ಟ್ರಾನ್ಸ್‌ಕೋಡಿಂಗ್‌ಗೆ ಹೋಗಿ ಇಂಟೆಲ್ ಕ್ವಿಕ್ ಸಿಂಕ್ ಆರಿಸಿ. ಕೆಳಗೆ ಕೋಡೆಕ್‌ಗಳ ಪಟ್ಟಿ ಇರುತ್ತದೆ. ಎಲ್ಲಕ್ಕೂ ಟಿಕ್ ಹಾಕುವ ಆಸೆ ಬೇಡ. ನಿಮ್ಮ ಚಿಪ್‌ಗೆ ಬರದ ಕೋಡೆಕ್‌ಗೆ ಟಿಕ್ ಹಾಕಿದರೆ ಆ ಸಿನಿಮಾ ಪ್ಲೇ ಆಗುವುದೇ ಇಲ್ಲ, ತಪ್ಪು ಎಲ್ಲಿ ಎಂದೂ ಗೊತ್ತಾಗುವುದಿಲ್ಲ. ಎಚ್‌ಡಿಆರ್ (ಹೆಚ್ಚು ಹೊಳಪು, ಬಣ್ಣ ಇರುವ) ಸಿನಿಮಾಗಳು ಪೇಲವವಾಗಿ ಕಾಣುತ್ತಿದ್ದರೆ ಅಲ್ಲೇ ಇರುವ ಟೋನ್ ಮ್ಯಾಪಿಂಗ್ ಆನ್ ಮಾಡಿ. ಚಿಪ್ ನಿಜವಾಗಿ ಕೆಲಸ ಮಾಡುತ್ತಿದೆಯಾ ಎಂದು ನೋಡಲು ‘ಇಂಟೆಲ್ ಜಿಪಿಯು ಟಾಪ್’ ಎಂಬ ಸಣ್ಣ ಉಪಕರಣ ಇದೆ. ಅದರಲ್ಲಿ ವಿಡಿಯೊ ಸಾಲು ಏರುತ್ತಿದ್ದರೆ ಎಲ್ಲ ಸರಿ ಇದೆ.

ಹೊರಗಿನಿಂದ ನೋಡುವ ವಿಷಯ. ಪೋರ್ಟ್ ಯಾಕೆ ತೆರೆಯಬಾರದು? ಜೆಲ್ಲಿಫಿನ್ 8096ನೇ ಪೋರ್ಟಿನಲ್ಲಿ ಸಾದಾ ಎಚ್‌ಟಿಟಿಪಿಯಲ್ಲಿ ಮಾತಾಡುತ್ತದೆ. ಅದನ್ನು ರೌಟರಿನಲ್ಲಿ ತೆರೆದರೆ ನಿಮ್ಮ ಪಾಸ್‌ವರ್ಡ್ ಗೂಢಲಿಪಿ ಇಲ್ಲದೆ ಬಯಲಲ್ಲಿ ಹೋಗುತ್ತದೆ. ಇಡೀ ಇಂಟರ್‌ನೆಟ್ಟನ್ನು ಹಗಲೂ ರಾತ್ರಿ ತಡಕುತ್ತಾ ತೆರೆದ ಪೋರ್ಟ್ ಹುಡುಕುವ ಯಂತ್ರಗಳಿವೆ, ನಿಮ್ಮದೂ ಅವುಗಳ ಕಣ್ಣಿಗೆ ಬೀಳುತ್ತದೆ. ಆ ಕಂಪ್ಯೂಟರಿನಲ್ಲಿ ಮನೆಯವರ ವಿಡಿಯೊಗಳಿವೆ ಎನ್ನುವುದನ್ನು ಮರೆಯಬೇಡಿ. ಅಷ್ಟೇ ಅಲ್ಲ, ತೆರೆದರೂ ಪ್ರಯೋಜನ ಆಗದೆ ಇರಬಹುದು. ರೌಟರಿನ ಪುಟದಲ್ಲಿ ಹೊರಗಿನ ಐಪಿ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ಇಂಟರ್‌ನೆಟ್ ಕೊಡುವವರು ಒಂದೇ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಆಗ ನೀವು ತೆರೆದ ಬಾಗಿಲಿಗೆ ಹೊರಗಿನಿಂದ ದಾರಿಯೇ ಇರುವುದಿಲ್ಲ.

ಟೇಲ್‌ಸ್ಕೇಲ್ ಬಳಸಿ. ಇದು ವೈರ್‌ಗಾರ್ಡ್ ಎಂಬ ವಿಪಿಎನ್ (ಇಂಟರ್‌ನೆಟ್ ಮೇಲೆ ಗೂಢಲಿಪಿಯ ಖಾಸಗಿ ದಾರಿ) ವಿಧಾನದ ಮೇಲೆ ನಿಂತಿದೆ. ಸರ್ವರ್‌ನಲ್ಲೂ ಫೋನಿನಲ್ಲೂ ಹಾಕಿ ಒಂದೇ ಅಕೌಂಟಿನಿಂದ ಲಾಗಿನ್ ಆದರೆ ಎರಡೂ ಒಂದೇ ಮನೆಯ ನೆಟ್‌ವರ್ಕಿನಲ್ಲಿ ಇದ್ದ ಹಾಗೆ ಮಾತಾಡುತ್ತವೆ. ವಿಳಾಸ ಹಂಚಿದ್ದರೂ ನಡೆಯುತ್ತದೆ, ರೌಟರ್ ಮುಟ್ಟುವ ಅಗತ್ಯವೇ ಇಲ್ಲ. ಜೆಲ್ಲಿಫಿನ್ ಆ್ಯಪ್‌ನಲ್ಲಿ ಟೇಲ್‌ಸ್ಕೇಲ್ ಕೊಟ್ಟ ವಿಳಾಸ ಹಾಕಿ, ಕೊನೆಗೆ 8096 ಸೇರಿಸಿ. ಡ್ಯಾಶ್‌ಬೋರ್ಡ್‌ನ ಸ್ಟ್ರೀಮಿಂಗ್ ಭಾಗದಲ್ಲಿ ಇಂಟರ್‌ನೆಟ್ ಬಿಟ್‌ರೇಟ್ ಮಿತಿ ಎಂದು ಇದೆ. ಅಲ್ಲಿ ನಿಮ್ಮ ಅಪ್‌ಲೋಡ್ ವೇಗಕ್ಕಿಂತ ಸ್ವಲ್ಪ ಕಡಿಮೆ ಹಾಕಿ. ಅಪ್‌ಲೋಡ್ 10 ಮೆಗಾಬಿಟ್ ಇದ್ದರೆ 8 ಸಾಕು. ಡೌನ್‌ಲೋಡ್ ವೇಗ ಎಷ್ಟಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ.

ಸ್ವಂತ ಡೊಮೇನ್ ಇಟ್ಟುಕೊಂಡು ಕ್ಯಾಡಿ ಅಥವಾ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮೂಲಕ ಎಚ್‌ಟಿಟಿಪಿಎಸ್‌ನಲ್ಲಿ (ಗೂಢಲಿಪಿಯಲ್ಲಿ) ಕೊಡುವ ದಾರಿಯೂ ಇದೆ. ವಿಪಿಎನ್ ಹಾಕಲಾಗದ ಸಂಬಂಧಿಕರ ಟಿವಿಗೆ ತಲುಪಿಸಬೇಕೆಂದರೆ ಅದು ಬೇಕಾಗುತ್ತದೆ. ಆದರೆ ಸರ್ವರನ್ನು ಲೋಕಕ್ಕೆ ತೆರೆದಿಟ್ಟ ಮೇಲೆ ಪ್ರತಿ ಅಪ್‌ಡೇಟನ್ನೂ ಬಂದ ಕೂಡಲೇ ಹಾಕುವ ಶಿಸ್ತು ಬೇಕು. ಈಗಲೇ ಅದಕ್ಕೆ ಕೈ ಹಾಕಬೇಡಿ.

ಚಿಕ್ಕಪುಟ್ಟವು ಕೆಲವು ಉಳಿದಿವೆ. ಉಬುಂಟುವಿನ ಪವರ್ ಸೆಟ್ಟಿಂಗ್‌ನಲ್ಲಿ ಆಟೊಮ್ಯಾಟಿಕ್ ಸಸ್ಪೆಂಡ್ ಆಫ್ ಮಾಡಿ, ಇಲ್ಲವಾದರೆ ಸರ್ವರ್ ನಿದ್ದೆ ಹೋಗಿ ಟಿವಿಯಲ್ಲಿ ಮಾಯವಾಗುತ್ತದೆ. ರೌಟರಿನಲ್ಲಿ ಆ ಕಂಪ್ಯೂಟರಿಗೆ ಒಂದೇ ಐಪಿ ವಿಳಾಸ ಕಾಯ್ದಿರಿಸಿ. ಟಿವಿಯಲ್ಲಿ ಅಡ್ಮಿನ್ ಹೆಸರಿನಿಂದ ಲಾಗಿನ್ ಆಗಬೇಡಿ. ಮನೆಯವರಿಗೆ ಬೇರೆ ಯೂಸರ್ ಮಾಡಿ, ಅಳಿಸುವ ಅನುಮತಿ ತೆಗೆಯಿರಿ. ರಿಮೋಟಿನಲ್ಲಿ ಪಾಸ್‌ವರ್ಡ್ ಒತ್ತುವುದು ಕಷ್ಟ ಎನಿಸಿದರೆ ‘ಕ್ವಿಕ್ ಕನೆಕ್ಟ್’ ಇದೆ. ಟಿವಿ ಆರು ಅಂಕಿಯ ಕೋಡ್ ತೋರಿಸುತ್ತದೆ, ಅದನ್ನು ಫೋನಿನಿಂದ ಒಪ್ಪಿಕೊಂಡರೆ ಆಯಿತು.

ಅಪ್‌ಡೇಟ್ ಮಾಡುವ ಮೊದಲು ಸರ್ವರ್ ನಿಲ್ಲಿಸಿ, ‘ಇಟಿಸಿ’ ಒಳಗಿನ ಜೆಲ್ಲಿಫಿನ್ ಫೋಲ್ಡರ್ ಮತ್ತು ‘ವಾರ್’ ಒಳಗಿನ ‘ಲಿಬ್’ನಲ್ಲಿರುವ ಜೆಲ್ಲಿಫಿನ್ ಫೋಲ್ಡರ್ ಎರಡನ್ನೂ ಬೇರೆ ಕಡೆ ಕಾಪಿ ಮಾಡಿ. ಓಡುತ್ತಿರುವಾಗ ಕಾಪಿ ಮಾಡಿದರೆ ಡೇಟಾಬೇಸ್ ಅರ್ಧಂಬರ್ಧ ಬರಬಹುದು. 2025ರಲ್ಲಿ ಬಂದ 10.11ನೇ ಆವೃತ್ತಿ ಡೇಟಾಬೇಸಿನ ರಚನೆಯನ್ನೇ ಬದಲಾಯಿಸಿತು. ಅಂಥ ಅಪ್‌ಡೇಟ್ ಆದ ಮೇಲೆ ಹಳೆಯದಕ್ಕೆ ವಾಪಸ್ ಹೋಗಲು ಈ ಕಾಪಿ ಒಂದೇ ದಾರಿ.

ನೀವು ಕೇಳದೆ ಇದ್ದರೂ ಒಂದು ಮಾತು ಹೇಳಲೇಬೇಕು. ಸಿನಿಮಾ ಹೋದರೆ ಮತ್ತೆ ಸಿಗುತ್ತದೆ, ಮನೆಯವರ ವಿಡಿಯೊ ಹೋದರೆ ಹೋಯಿತು. ಆ 4 ಟಿಬಿ ಡಿಸ್ಕಿನಲ್ಲಿ ಮಾತ್ರ ಇವೆ ಎಂದಾದರೆ, ಜೆಲ್ಲಿಫಿನ್ ಕೆಲಸಗಳನ್ನೆಲ್ಲ ಪಕ್ಕಕ್ಕಿಟ್ಟು ಇವತ್ತೇ ಇನ್ನೊಂದು ಡಿಸ್ಕಿಗೆ ಅವುಗಳ ಕಾಪಿ ಮಾಡಿ. ಸರ್ವರ್‌ಗೆ ಹಾಕಿದ ಮೇಲೆ ಡಿಸ್ಕ್ ಹಗಲೂ ರಾತ್ರಿ ಓಡುತ್ತಿರುತ್ತದೆ, ಮೊದಲಿಗಿಂತ ಬೇಗ ಸವೆಯುತ್ತದೆ. ಹೊಸ ಕಂಪ್ಯೂಟರಿಗೆ ಎಂದು ಇಟ್ಟ ದುಡ್ಡಿದ್ದರೆ ಅದು ಈ ಎರಡನೇ ಡಿಸ್ಕಿಗೆ ಹೋಗಲಿ.

ಇಷ್ಟು ಮಾಡಿಯೂ ಸಿನಿಮಾ ನಿಲ್ಲುತ್ತಿದ್ದರೆ ಮತ್ತೆ ಬರೆಯಿರಿ. ಬರೆಯುವಾಗ ಡ್ಯಾಶ್‌ಬೋರ್ಡ್ ತೋರಿಸಿದ ಕಾರಣ, ಪ್ರೊಸೆಸರ್ ಹೆಸರು, ಟಿವಿಯಲ್ಲಿ ಬಳಸುವ ಆ್ಯಪ್ ಯಾವುದು ಎನ್ನುವುದನ್ನು ತಿಳಿಸಿ.